ಗುಬ್ಬಿ ತೋಟದಪ್ಪನವರು ದುಡ್ಡನ್ನ ಎಲ್ಲಿಟ್ಟರು?

ಈ ಸಲದ ಸಂಚಿಕೆಗೆ ಒಬ್ಬ ಹಿರಿಯರ ಜೀವನದ ಬಗ್ಗೆ ಬರೀಬೇಕು ಅಂದಾಗ ಸಂಘದಲ್ಲಿ ಎಲ್ಲರ ಬಾಯಲ್ಲೂ ಮೊದಲು ಬಂದಿದ್ದು ವಿಶ್ವೇಶ್ವರಯ್ಯನವರ ಹೆಸರು. ಇಂಜಿನಿಯರಿಂಗ್ ಕಾಲೇಜು ಅಲ್ವಾ, ಬರಲೇಬೇಕು. ಆದರೆ ಅವರ ಬಗ್ಗೆ ಪ್ರತಿ ಸೆಪ್ಟೆಂಬರ್ 15ಕ್ಕೆ ಭಾಷಣ ಕೇಳ್ತೀವಿ. ಹಾಗಾಗಿ ನಾವು ಬೇರೆ ಒಬ್ಬರನ್ನ ಆರಿಸಿಕೊಂಡೆವು. ಅವರ ಹೆಸರನ್ನ ನೀವೂ ಸಾವಿರ ಸಲ ಓದಿದ್ದೀರಿ. ಮೆಜೆಸ್ಟಿಕ್‌ನಲ್ಲಿ ರೈಲ್ವೆ ಸ್ಟೇಷನ್ನಿಂದ ಹೊರಗೆ ಬಂದರೆ ಬೋರ್ಡಿನ ಮೇಲೆ ಇರುತ್ತೆ: ಗುಬ್ಬಿ ತೋಟದಪ್ಪ ರಸ್ತೆ.

ಮೊದಲು ನಾವು ಯಾರು ಅಂತ ಹೇಳಿಬಿಡ್ತೀವಿ. ನಾವು ನಾಲ್ಕು ಜನ. ಇಬ್ಬರು ತಿಪಟೂರಿನ ಕಡೆಯವರು, ಒಬ್ಬ ತುರುವೇಕೆರೆ, ಒಬ್ಬಳು ಚಿಕ್ಕನಾಯಕನಹಳ್ಳಿ. ಎಲ್ಲರೂ ಎರಡನೇ ವರ್ಷ. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಶನಿವಾರ ಕ್ಲಾಸ್ ಮುಗಿಸಿ ಅರಸೀಕೆರೆ ಕಡೆ ಹೋಗೋ ರೈಲು ಹತ್ತುತ್ತೀವಿ. ತುಮಕೂರು ದಾಟಿದ ಮೇಲೆ ಗುಬ್ಬಿ, ನಿಟ್ಟೂರು, ಅಮ್ಮಸಂದ್ರ. ತುರುವೇಕೆರೆಯವನು ಬಾಣಸಂದ್ರದಲ್ಲಿ ಇಳೀತಾನೆ. ಉಳಿದವರು ತಿಪಟೂರು. ಸಿ.ಎನ್. ಹಳ್ಳಿಗೆ ರೈಲಿಲ್ಲ, ಪಾಪ ಅವಳು ಅಲ್ಲಿಂದ ಬಸ್ಸು ಹಿಡೀಬೇಕು. ಕಿಟಕಿ ಆಚೆ ಪೂರ್ತಿ ತೆಂಗು. ಒಂದೂವರೆ ವರ್ಷ ಹೀಗೆ ಓಡಾಡಿದ್ದೀವಿ. ಹತ್ತೋ ಸ್ಟೇಷನ್ ಪಕ್ಕದ ರಸ್ತೆಯಲ್ಲೂ ದಾರಿ ಮಧ್ಯದ ಸ್ಟೇಷನ್ನಿನಲ್ಲೂ ಒಂದೇ ಊರಿನ ಹೆಸರಿದೆ ಅನ್ನೋದು ನಮ್ಮ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಒಂದು ದುಡ್ಡಿನ ವಿಷಯದಿಂದ. ತುಮಕೂರು ಶಿವಮೊಗ್ಗ ಹೆದ್ದಾರಿ ಅಗಲ ಮಾಡೋಕೆ ನಮ್ಮ ಕಡೆ ತುಂಬಾ ಜನರ ಜಮೀನು ಹೋಯ್ತು, ಪರಿಹಾರ ಬಂತು. ನಮ್ಮಲ್ಲಿ ಒಬ್ಬನ ಮನೆಗೂ ಬಂತು. ತೋಟದ ಒಂದು ಅಂಚು, ಅಜ್ಜ ನೆಟ್ಟಿದ್ದ ಮರಗಳು, ಎಲ್ಲ ಹೋಗಿ ಬ್ಯಾಂಕಿನ ಖಾತೆಯಲ್ಲಿ ಒಂದು ದೊಡ್ಡ ನಂಬರ್ ಆಯ್ತು. ಆಮೇಲೆ ಹದಿನೈದು ದಿನದೊಳಗೆ ಒಂದು ಬ್ಯಾಂಕಿನಿಂದ ಇಸ್ತ್ರಿ ಹಾಕಿದ ಶರ್ಟಿನವರು ಮನೆಗೆ ಬಂದರು. ಅವರ ಹುದ್ದೆ ರಿಲೇಶನ್‌ಶಿಪ್ ಮ್ಯಾನೇಜರ್. ಅದುವರೆಗೂ ಆ ಮನೆಯವರೇ ಬ್ಯಾಂಕಿಗೆ ಹೋಗಿ ಕ್ಯೂ ನಿಲ್ಲುತ್ತಿದ್ದರು. ಈಗ ಬ್ಯಾಂಕೇ ಜಗಲಿ ಮೇಲೆ ಕೂತು ಕಾಫಿ ಕುಡೀತಿತ್ತು. ವೆಲ್ತ್, ಪೋರ್ಟ್‌ಫೋಲಿಯೋ, ಎಸ್ಟೇಟ್ ಪ್ಲಾನಿಂಗ್ ಅಂತೆಲ್ಲ ಮಾತಾಡಿ, ಕೊನೆಗೆ ಹತ್ತು ವರ್ಷ ಕಟ್ಟೋ ಒಂದು ಇನ್ಶೂರೆನ್ಸ್ ಪಾಲಿಸಿಯ ಕಾಗದ ಮುಂದಿಟ್ಟರು. ಗೆಳೆಯನ ಅಪ್ಪ ಸಹಿ ಹಾಕಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮಗ ಇಂಜಿನಿಯರಿಂಗ್ ಓದ್ತಾನೆ, ಅವನನ್ನ ಕೇಳಿ ಹೇಳ್ತೀನಿ ಅಂದುಬಿಟ್ಟರು.

ನಮಗೆ ಗೊತ್ತಿದ್ದದ್ದು ಥರ್ಮೋಡೈನಮಿಕ್ಸ್. ದುಡ್ಡಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಶ್ರೀಮಂತರು ದುಡ್ಡನ್ನ ಏನು ಮಾಡ್ತಿದ್ದರು ಅಂತ ಹುಡುಕಿದೆವು. ಹಾಗೆ ಸಿಕ್ಕವರು ತೋಟದಪ್ಪನವರು.

ಅವರು ಹುಟ್ಟಿದ್ದು 1838ರಲ್ಲಿ, ಗುಬ್ಬಿಯಲ್ಲಿ, ಒಂದು ಲಿಂಗಾಯತ ವ್ಯಾಪಾರಿ ಕುಟುಂಬದಲ್ಲಿ. ಆಗ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1831ರಲ್ಲಿ ಮಹಾರಾಜರಿಂದ ಆಡಳಿತ ತಗೊಂಡವರು 1881ರ ತನಕ ವಾಪಸ್ ಕೊಡಲಿಲ್ಲ. ಅಂದ್ರೆ ತೋಟದಪ್ಪನವರ ಬಾಲ್ಯ, ಯೌವನ, ವ್ಯಾಪಾರ ಬೆಳೆದ ಕಾಲ ಎಲ್ಲ ಕಮಿಷನರ್ ಆಡಳಿತದಲ್ಲೇ ಕಳೀತು. ಮನೆಯ ಕಸುಬು ಸಾಂಬಾರ ಪದಾರ್ಥಗಳ ವ್ಯಾಪಾರ. ತಂದೆ ತಾಯಿ ಗುಬ್ಬಿ ಬಿಟ್ಟು ಬೆಂಗಳೂರಿಗೆ ಬಂದರು. ಮಗ ಅದೇ ವ್ಯಾಪಾರವನ್ನ ಪೇಟೆಯ ಮಾಮೂಲ್ ಪೇಟೆಯಲ್ಲಿ ಮುಂದುವರಿಸಿದರು. ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಸೆಕೆಂಡ್ ಹ್ಯಾಂಡ್ ಪುಸ್ತಕ ತರೋಕೆ ಹೋಗ್ತೀವಲ್ಲ, ಆ ಗಲ್ಲಿಗಳ ಪಕ್ಕದಲ್ಲೇ ಇರೋದು ಮಾಮೂಲ್ ಪೇಟೆ.

ಸಾಂಬಾರ ಪದಾರ್ಥದ ವ್ಯಾಪಾರ ಅಂದ್ರೆ ಸುಮ್ನೆ ತಕ್ಕಡಿ ಹಿಡಿಯೋದಲ್ಲ. ನಮ್ಮ ಕೊಬ್ಬರಿ ಮಂಡಿ ನೋಡಿದವರಿಗೆ ಇದು ಅರ್ಥ ಆಗುತ್ತೆ. ಸುಗ್ಗಿಯಲ್ಲಿ ಮಾಲು ಕೊಳ್ಳಬೇಕು, ಕೈಯಲ್ಲಿ ರೊಕ್ಕ ಇರಬೇಕು. ಕೊಂಡ ಮಾಲು ಗೋಡೌನಿನಲ್ಲಿ ಕೂತಿದ್ದಷ್ಟು ದಿನ ದುಡ್ಡೂ ಅಲ್ಲೇ ಕೂತಿರುತ್ತೆ. ಬೆಲೆ ಏರಿದ್ರೆ ಲಾಭ, ಹುಳ ಬಿದ್ದರೆ ನಷ್ಟ. ಅಂಗಡಿಯವರಿಗೆ ಉದ್ರಿ ಕೊಡಬೇಕು, ವಸೂಲಿ ಮಾಡಬೇಕು. ಯಾರ ಮಾತು ನಂಬಬಹುದು, ಯಾರದು ನಂಬಬಾರದು ಅನ್ನೋದೇ ಇದರಲ್ಲಿ ಅರ್ಧ ಬಂಡವಾಳ. ಈ ಕಸುಬಿನಲ್ಲಿ ತೋಟದಪ್ಪನವರು ಶ್ರೀಮಂತರಾದರು.

ಅವರಿಗೆ ಮೂವತ್ತೆಂಟು ವರ್ಷ ಆಗೋ ಹೊತ್ತಿಗೆ ಮೈಸೂರಿಗೆ ಮಹಾ ಬರ ಬಂತು. 1876ರಿಂದ 1878ರವರೆಗೆ. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಯ್ತು. ಹಳ್ಳಿ ಬಿಟ್ಟ ಜನ ದಾರಿ ಉದ್ದಕ್ಕೂ ಬೆಂಗಳೂರಿನ ಕಡೆ ನಡೆದರು. ಪೇಟೆಯಲ್ಲಿ ಅಂಗಡಿ ಇಟ್ಟವರ ಕಣ್ಣ ಮುಂದೆಯೇ ಇದೆಲ್ಲ ನಡೀತು. ಬರಗಾಲದಲ್ಲಿ ಪರಿಹಾರ ಕೊಡೋಕೆ ಧಾನ್ಯ ಸಾಗಿಸಲು ಆಗದೇ ಇದ್ದದ್ದು ಸರ್ಕಾರಕ್ಕೆ ದೊಡ್ಡ ಪಾಠ ಆಯ್ತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದು ನಿಂತಿದ್ದ ರೈಲು, ಬರದ ನಂತರ 1880ರ ದಶಕದಲ್ಲಿ ಬೇರೆ ಕಡೆಗಳಿಗೂ ಬೆಳೀತು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ದಾರಿ ಆಗಲೇ ಆದದ್ದು. ನಾವು ಶನಿವಾರ ಹತ್ತೋ ಲೈನು ಅದೇ.

ರೈಲು ಬಂದ ಮೇಲೆ ಬೆಂಗಳೂರಿಗೆ ಬರೋರು ಬದಲಾದರು. ಮೊದಲು ಎತ್ತಿನ ಗಾಡಿ ಕಟ್ಟಿಕೊಂಡು, ಗಾಡಿಯ ಕೆಳಗೇ ಮಲಗಿ ಹೋಗ್ತಿದ್ದ ವ್ಯಾಪಾರಿಗಳಷ್ಟೇ ಬರ್ತಿದ್ದರು. ಈಗ ಕೋರ್ಟಿಗೆ, ಆಸ್ಪತ್ರೆಗೆ, ಕಚೇರಿಗೆ, ಮುಖ್ಯವಾಗಿ ಕಾಲೇಜಿಗೆ ಜನ ಬರೋಕೆ ಶುರು ಮಾಡಿದರು. ಸಂಜೆ ರೈಲಿಳಿದವರಿಗೆ ರಾತ್ರಿ ಎಲ್ಲಿ ಮಲಗೋದು? ನೆಂಟರಿದ್ದರೆ ಸರಿ. ಇಲ್ಲದಿದ್ದರೆ ದೇವಸ್ಥಾನದ ಜಗಲಿ. ಪೇಯಿಂಗ್ ಗೆಸ್ಟ್, ಓಯೋ ಏನೂ ಇಲ್ಲದ ಕಾಲ.

ಈಗ ತೋಟದಪ್ಪನವರ ಕಡೆ ಬರೋಣ. ವಯಸ್ಸು ಐವತ್ತು ದಾಟಿತ್ತು. ದುಡ್ಡಿತ್ತು. ಮಕ್ಕಳಿರಲಿಲ್ಲ. ಆ ಕಾಲದ ಒಬ್ಬ ಶ್ರೀಮಂತ ವ್ಯಾಪಾರಿ ದುಡ್ಡನ್ನ ಎಲ್ಲೆಲ್ಲಿ ಇಡಬಹುದಿತ್ತು ನೋಡಿ. ಒಂದು, ಚಿನ್ನ. ಎರಡು, ಪೇಟೆಯಲ್ಲಿ ಮನೆ, ಊರಲ್ಲಿ ಜಮೀನು. ಮೂರು, ಬಡ್ಡಿ ಸಾಲ. ನಾಲ್ಕು, ಬ್ಯಾಂಕು. ಬೆಂಗಳೂರಿನಲ್ಲಿ 1864ರಿಂದಲೇ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಇತ್ತು. ಮದ್ರಾಸಿನಲ್ಲಿ ಯುರೋಪಿಯನ್ನರ ದೊಡ್ಡ ದೊಡ್ಡ ಖಾಸಗಿ ಕಂಪನಿಗಳಿದ್ದವು. ವ್ಯಾಪಾರವನ್ನೂ ಮಾಡ್ತಾ, ಶ್ರೀಮಂತರಿಂದ ಹಿಡಿದು ಪೆನ್ಷನ್ ತಗೊಳ್ಳೋರವರೆಗೆ ಎಲ್ಲರ ಠೇವಣಿಯನ್ನೂ ಇಟ್ಟುಕೊಂಡು ಒಳ್ಳೆ ಬಡ್ಡಿ ಕೊಡ್ತಿದ್ದವು. ಇವತ್ತು ಪ್ರೈವೇಟ್ ಬ್ಯಾಂಕಿಂಗ್ ಅಂತಾರಲ್ಲ, ಆ ಕಾಲಕ್ಕೆ ಹತ್ತತ್ತಿರ ಅದೇ.

ಈ ನಾಲ್ಕರಲ್ಲಿ ಯಾವುದರಲ್ಲಿ ಇಟ್ಟರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ. ನಾನು ಹೋದ ಮೇಲೆ ಇದು ಯಾರದ್ದು? ಮಕ್ಕಳಿದ್ದವರು ಈ ಪ್ರಶ್ನೆ ಕೇಳಿಕೊಳ್ಳೋದೇ ಇಲ್ಲ, ಉತ್ತರ ಗೊತ್ತು ಅಂದ್ಕೊಂಡಿರ್ತಾರೆ. ತೋಟದಪ್ಪನವರು ಕೇಳಿಕೊಳ್ಳಲೇಬೇಕಾಯ್ತು. ದತ್ತು ತಗೊಂಡು ಆಸ್ತಿ ಬರೆದುಕೊಡೋದು ಆಗ ಸಾಮಾನ್ಯ ದಾರಿ. ಅವರು ಆ ದಾರಿ ಹಿಡಿಯಲಿಲ್ಲ. ತಮ್ಮ ದುಡ್ಡು ಪ್ರಯಾಣಿಕರಿಗೆ, ಓದೋ ಹುಡುಗರಿಗೆ ಸೇರಬೇಕು ಅಂತ ತೀರ್ಮಾನ ಮಾಡಿದರು.

1897ರಲ್ಲಿ ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರ ರೈಲ್ವೆಯವರಿಂದ ಎರಡೂವರೆ ಎಕರೆ ಜಾಗ ಕೊಂಡರು. ಈ ಜಾಗದ ಆಯ್ಕೆಯನ್ನ ಸ್ವಲ್ಪ ಗಮನಿಸಿ. ಅವರ ಅಂಗಡಿ ಇದ್ದದ್ದು ಪೇಟೆಯೊಳಗೆ. ಹೆಸರು ಬೇಕಿದ್ದರೆ ಪೇಟೆಯ ಮಧ್ಯೆ ಎಲ್ಲರಿಗೂ ಕಾಣೋ ಹಾಗೆ ಕಟ್ಟಬಹುದಿತ್ತು. ಅಂದಿನ ಸ್ಟೇಷನ್ ಊರಿನ ಅಂಚು. ಧರ್ಮಾಂಬುಧಿ ಕೆರೆಯ ಆಚೆ ದಡ. ಇವತ್ತಿನ ಕೆಂಪೇಗೌಡ ಬಸ್ ನಿಲ್ದಾಣ ಇರೋದು ಆ ಕೆರೆಯ ಅಂಗಳದಲ್ಲೇ. ಆದರೆ ರೈಲಿಳಿದವನಿಗೆ ಹತ್ತಿರ ಬೇಕಾಗಿರೋದು ಆ ಜಾಗ. ವ್ಯಾಪಾರಿ ಕಣ್ಣು ಅಂದ್ರೆ ಇದೇ ಇರಬೇಕು. ಗಿರಾಕಿ ಎಲ್ಲಿ ಬರ್ತಾನೋ ಅಲ್ಲಿ ಅಂಗಡಿ ತೆಗೀಬೇಕು. ವ್ಯತ್ಯಾಸ ಇಷ್ಟೇ, ಈ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಇರಲಿಲ್ಲ.

ಜಾಗ ಕೊಂಡ ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ರೈಲಿನಲ್ಲೇ ಬಂತು ಅಂತಾರೆ. ಸಾವಿರಾರು ಜನ ಸತ್ತರು. ಇಕ್ಕಟ್ಟಾದ ಪೇಟೆಗೇ ಹೆಚ್ಚು ಪೆಟ್ಟು ಬಿತ್ತು. ಇದಾದ ಮೇಲೆಯೇ ಗಾಳಿ ಬೆಳಕು ಇರೋ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡಿದ್ದು. ಕೋವಿಡ್ ನೋಡಿದ ನಮಗೆ ಗೊತ್ತಲ್ಲ, ಅಂಥ ವರ್ಷಗಳಲ್ಲಿ ದುಡ್ಡಿರೋರು ಸಹಜವಾಗಿ ಕೈ ಬಿಗಿ ಮಾಡ್ತಾರೆ. ಹೊರಗಿನಿಂದ ಬರೋ ಪ್ರಯಾಣಿಕರನ್ನ ಕಂಡರೆ ಜನ ಹೆದರೋ ಕಾಲದಲ್ಲಿ ಪ್ರಯಾಣಿಕರಿಗಾಗಿಯೇ ಛತ್ರ ಕಟ್ಟೋ ಯೋಜನೆ ನಿಲ್ಲಲಿಲ್ಲ. 1903ರ ಫೆಬ್ರವರಿ 11ರಂದು ಧರ್ಮಛತ್ರದ ಉದ್ಘಾಟನೆ ಆಯ್ತು. ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರಿಗಾಗ ಇನ್ನೂ ಹದಿನೆಂಟು ವರ್ಷ, ಪಟ್ಟಕ್ಕೆ ಪೂರ್ಣ ಅಧಿಕಾರ ಬಂದು ಆರು ತಿಂಗಳು. ನಮ್ಮ ಫಸ್ಟ್ ಇಯರ್ ಜೂನಿಯರ್‌ಗಳ ವಯಸ್ಸು! ತೋಟದಪ್ಪನವರಿಗೆ ಅರವತ್ತೈದರ ಹತ್ತಿರ.

ಛತ್ರದ ಜೊತೆಗೆ ವಿದ್ಯಾರ್ಥಿನಿಲಯವೂ ಬಂತು. ಹಳ್ಳಿಯಿಂದ ಬಂದು ಓದೋ ಹುಡುಗರಿಗೆ ಉಚಿತ ಊಟ, ವಸತಿ. 1905ರಲ್ಲಿ ಮಹಾರಾಜರು ಧರ್ಮಪ್ರವರ್ತ ಅನ್ನೋ ಬಿರುದು ಕೊಟ್ಟರು.

ಅದರ ಮರುವರ್ಷ ನಡೆದ ಒಂದು ಘಟನೆಗೆ ತೋಟದಪ್ಪನವರ ನೇರ ಸಂಬಂಧ ಇಲ್ಲ, ಆದ್ರೂ ಹೇಳಲೇಬೇಕು. 1906ರ ಅಕ್ಟೋಬರ್ 22. ಮದ್ರಾಸಿನ ಅರ್ಬತ್‌ನಾಟ್ ಅಂಡ್ ಕಂಪನಿ ಬಾಗಿಲು ಹಾಕಿತು. ದಕ್ಷಿಣ ಭಾರತದಲ್ಲಿ ಅದಕ್ಕಿಂತ ನಂಬಿಕೆಯ ಹೆಸರು ಕಡಿಮೆ ಇದ್ದವು. ರಾಜರು, ಜಮೀನ್ದಾರರು, ವಕೀಲರು, ವಿಧವೆಯರು, ದೇವಸ್ಥಾನದವರು ಎಲ್ಲ ದುಡ್ಡಿಟ್ಟಿದ್ದರು. ಒಳಗೆ ನೋಡಿದರೆ ಕಂಪನಿ ವರ್ಷಗಳಿಂದ ಟೊಳ್ಳಾಗಿತ್ತು. ಅದರ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆ ಆಯ್ತು. ಠೇವಣಿದಾರರಿಗೆ ಅದರಿಂದೇನು ಬಂತು? ಆಗ ರಿಸರ್ವ್ ಬ್ಯಾಂಕ್ ಇರಲಿಲ್ಲ, ಅದು ಬಂದದ್ದು 1935ರಲ್ಲಿ. ಠೇವಣಿ ವಿಮೆ ಬಂದದ್ದು 1962ರಲ್ಲಿ. ಇವತ್ತು ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆ ಇದೆ, ಅವತ್ತು ಅದೂ ಇಲ್ಲ. ಈ ಪೆಟ್ಟಿನಿಂದಲೇ ಮದ್ರಾಸಿನವರು 1907ರಲ್ಲಿ ನಮ್ಮದೇ ಬ್ಯಾಂಕ್ ಬೇಕು ಅಂತ ಇಂಡಿಯನ್ ಬ್ಯಾಂಕ್ ಕಟ್ಟಿದರು. ನಮ್ಮ ಮೈಸೂರು ಬ್ಯಾಂಕ್ ಬಂದದ್ದು 1913ರಲ್ಲಿ.

ಅಂದರೆ ದಕ್ಷಿಣದ ಶ್ರೀಮಂತರ ಅತ್ಯಂತ ಭದ್ರವಾದ ಕಾಗದಗಳು ಒಂದೇ ದಿನದಲ್ಲಿ ರದ್ದಿಯಾದ ವರ್ಷ, ತೋಟದಪ್ಪನವರ ದುಡ್ಡು ಸ್ಟೇಷನ್ ಪಕ್ಕ ಗೋಡೆಯಾಗಿ, ಚಾವಣಿಯಾಗಿ ನಿಂತಿತ್ತು. ಅದರ ಕೆಳಗೆ ಜನ ಮಲಗಿದ್ದರು.

ಆದರೆ ಕಟ್ಟಡ ಕಟ್ಟಿದರೆ ಸಾಲದು ಅಂತ ವ್ಯಾಪಾರಿಗೆ ಚೆನ್ನಾಗಿ ಗೊತ್ತಿರುತ್ತೆ. ನಮ್ಮ ಕಡೆ ಎಷ್ಟು ಹಳೇ ಛತ್ರಗಳಿಲ್ಲ? ಕಟ್ಟಿಸಿದವರ ಹೆಸರು ಕಲ್ಲಲ್ಲಿದೆ, ಒಳಗೆ ದನ ಕಟ್ಟಿದ್ದಾರೆ. ಸುಣ್ಣ ಹೊಡೆಸೋರು ಯಾರು, ಅಡಿಗೆಯವರಿಗೆ ಸಂಬಳ ಕೊಡೋರು ಯಾರು? ಕಟ್ಟಿದವರು ಸತ್ತ ಮೇಲೆ ನೆಂಟರು ಬಂದು ನಮ್ಮ ಪಾಲು ಕೊಡಿ ಅಂದ್ರೆ ತಡೆಯೋರು ಯಾರು?

ಇಲ್ಲೇ ಅವರು ಮಾಡಿದ ಮುಖ್ಯ ಕೆಲಸ ಇರೋದು. ಕೊನೆಯ ದಿನಗಳಲ್ಲಿ ತಮ್ಮ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದರು. ಅದರ ಅಧ್ಯಕ್ಷತೆಯನ್ನ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರಿಗೆ ಒಪ್ಪಿಸಿದರು. ಬೆಂಗಳೂರಿನ ಟೌನ್ ಹಾಲ್ ಮುಂದೆ ಮೊದಲೆಲ್ಲ ಪ್ರತಿಭಟನೆ ನಡೀತಿತ್ತಲ್ಲ, ಆ ಟೌನ್ ಹಾಲ್ ಇರೋದು ಇದೇ ಪುಟ್ಟಣ್ಣ ಚೆಟ್ಟಿಯವರ ಹೆಸರಿನಲ್ಲಿ. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರು, ಊರಿಗೆ ಗೊತ್ತಿದ್ದವರು. ದುಡ್ಡು ಇಡೋಕೆ ಜಾಗ ಹುಡುಕಿದ ಹಾಗೇ ಅದನ್ನ ಕಾಯೋಕೆ ಮನುಷ್ಯನನ್ನೂ ಹುಡುಕಿದ್ದಾರೆ. 1910ರಲ್ಲಿ ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಪದವಿ ಕೊಟ್ಟಿತು. ಅದೇ ವರ್ಷ ಫೆಬ್ರವರಿ 21ರಂದು ತೋಟದಪ್ಪನವರು ತೀರಿಕೊಂಡರು.

ಟ್ರಸ್ಟ್ ಅಂದ್ರೆ ಏನು ಅಂತ ನಾವು ಈ ಲೇಖನಕ್ಕಾಗಿ ಓದಬೇಕಾಯ್ತು, ಸಿಂಪಲ್ ಆಗಿ ಹೇಳ್ತೀವಿ. ಆಸ್ತಿ ನಮ್ಮ ಕೈ ಬಿಟ್ಟು ಟ್ರಸ್ಟಿಗಳ ಕೈಗೆ ಹೋಗುತ್ತೆ. ಆದರೆ ಟ್ರಸ್ಟಿಗಳು ಅದನ್ನ ಅನುಭವಿಸೋ ಹಾಗಿಲ್ಲ, ಯಾರಿಗಾಗಿ ಅಂತ ಬರೆದಿದೆಯೋ ಅವರಿಗಾಗಿ ನಡೆಸಬೇಕು. ಇದರಲ್ಲಿ ಎರಡು ಥರ. ನಮ್ಮ ಮನೆಯವರಿಗಾಗಿ ಮಾಡಿದ್ರೆ ಖಾಸಗಿ ಟ್ರಸ್ಟ್. ಊರಿಗಾಗಿ ಮಾಡಿದ್ರೆ ಸಾರ್ವಜನಿಕ ಧರ್ಮದ ಟ್ರಸ್ಟ್. ಕಾನೂನಿನಲ್ಲಿ ಒಂದು ಮಜಾ ಇದೆ. ಖಾಸಗಿ ಟ್ರಸ್ಟಿನಲ್ಲಿ ಆಸ್ತಿಯನ್ನ ತಲೆತಲಾಂತರಕ್ಕೂ ಕಟ್ಟಿಹಾಕೋಕೆ ಬಿಡಲ್ಲ, ಒಂದೆರಡು ತಲೆಮಾರಿಗೆ ಮಿತಿ ಹಾಕಿದ್ದಾರೆ. ಸಾರ್ವಜನಿಕ ಧರ್ಮಕ್ಕೆ ಆ ಮಿತಿ ಇಲ್ಲ. ಅಂದ್ರೆ ಮೊಮ್ಮಕ್ಕಳಿಗೆ ಅಂತ ಇಟ್ಟ ದುಡ್ಡು ಒಂದು ದಿನ ಹಂಚಿ ಹೋಗಲೇಬೇಕು, ಊರಿಗೆ ಅಂತ ಇಟ್ಟ ದುಡ್ಡು ಎಂದೆಂದಿಗೂ ಒಟ್ಟಾಗಿ ಇರಬಹುದು.

ಈಗ ನಮ್ಮ ಬ್ರಾಂಚಿನವರಿಗೆ ಇಷ್ಟ ಆಗೋ ಭಾಗ, ಲೆಕ್ಕ. ಒಬ್ಬರು 1903ರಲ್ಲಿ ಒಂದು ರೂಪಾಯಿಯನ್ನ ವರ್ಷಕ್ಕೆ ಶೇಕಡ 6ರ ಚಕ್ರಬಡ್ಡಿಗೆ ಇಟ್ಟರು ಅಂದುಕೊಳ್ಳಿ. 120 ವರ್ಷಕ್ಕೆ ಅದು ಸುಮಾರು 1,088 ರೂಪಾಯಿ ಆಗುತ್ತೆ. ಸೂಪರ್ ಅನ್ಸುತ್ತೆ. ಈಗ ಅದೇ ದುಡ್ಡನ್ನ ನೋಡಿಕೊಳ್ಳೋಕೆ ಯಾರಿಗೋ ವರ್ಷಕ್ಕೆ ಶೇಕಡ 1 ಫೀ ಕೊಡಬೇಕು, ಕೈಗೆ ಉಳಿಯೋದು ಶೇಕಡ 5 ಅಂದುಕೊಳ್ಳಿ. 120 ವರ್ಷಕ್ಕೆ ಆಗೋದು ಸುಮಾರು 349 ರೂಪಾಯಿ ಮಾತ್ರ. ಒಂದೇ ಒಂದು ಪರ್ಸೆಂಟ್, ಮೂರರಲ್ಲಿ ಎರಡು ಭಾಗ ಮಾಯ. ಕ್ಯಾಲ್ಕುಲೇಟರ್ ತಗೊಂಡು ನೀವೇ ನೋಡಿ. ಇನ್ನೊಂದು ಷರತ್ತೂ ಇದೆ. ಆ 120 ವರ್ಷದಲ್ಲಿ ಒಂದು ವರ್ಷ ನಿಮ್ಮ ಬ್ಯಾಂಕ್ ಅರ್ಬತ್‌ನಾಟ್ ಆದ್ರೆ ಸೊನ್ನೆಯಿಂದ ಗುಣಿಸಿದ ಹಾಗೆ.

ಇವತ್ತಿನ ಬ್ಯಾಂಕುಗಳು ಶ್ರೀಮಂತರಿಗೆ ಮಾಡಿಕೊಡೋದು ಏನು ಅಂತಲೂ ನೋಡಿದೆವು. ಅದನ್ನೂ ಅನ್ಯಾಯ ಇಲ್ಲದೆ ಹೇಳಬೇಕು. ಒಬ್ಬ ಮ್ಯಾನೇಜರ್ ನಿಮಗೆ ಅಂತಲೇ ಇರ್ತಾರೆ. ದುಡ್ಡನ್ನ ಷೇರು, ಬಾಂಡು, ಚಿನ್ನ, ಜಾಗ ಅಂತ ಹಂಚಿ ಇಡ್ತಾರೆ, ಒಂದು ಬಿದ್ದರೆ ಇನ್ನೊಂದು ಹಿಡಿಯಲಿ ಅಂತ. ನಮ್ಮ ತೋಟದಲ್ಲಿ ತೆಂಗಿನ ಮಧ್ಯೆ ಅಡಿಕೆ, ಬಾಳೆ ಹಾಕೋದೂ ಇದೇ ಬುದ್ಧಿ. ಇವತ್ತು ಬೇಕಾಗೋ ದುಡ್ಡು ಬೇರೆ, ಹತ್ತು ವರ್ಷಕ್ಕೆ ಬೇಕಾಗೋದು ಬೇರೆ ಅಂತ ವಿಂಗಡಿಸ್ತಾರೆ. ಉಯಿಲು, ಟ್ರಸ್ಟು ಮಾಡಿಸಿಕೊಡ್ತಾರೆ. ಕೆಲವು ಬಾಗಿಲು ದೊಡ್ಡ ದುಡ್ಡಿಗೆ ಮಾತ್ರ ತೆರೆಯುತ್ತೆ. ಪಿಎಂಎಸ್ ಅಂತ ಒಂದಿದೆ, ಅದಕ್ಕೆ ಸೆಬಿ ನಿಯಮದ ಪ್ರಕಾರ ಕನಿಷ್ಠ 50 ಲಕ್ಷ ಬೇಕು. ಎಐಎಫ್ ಅನ್ನೋ ಫಂಡುಗಳಿಗೆ ಸಾಮಾನ್ಯವಾಗಿ ಕನಿಷ್ಠ 1 ಕೋಟಿ. ತೀರಾ ದೊಡ್ಡವರು ಫ್ಯಾಮಿಲಿ ಆಫೀಸ್ ಅಂತ ಮನೆಗೇ ಒಂದು ಕಚೇರಿ ಇಟ್ಟುಕೊಳ್ತಾರೆ. ಇದರಲ್ಲಿ ತಪ್ಪೇನಿಲ್ಲ. ತಪ್ಪಾಗೋದು ಎಲ್ಲಿ ಅಂದ್ರೆ, ಸಲಹೆ ಕೊಡೋರಿಗೆ ಸಿಗೋ ಕಮಿಷನ್ ಅವರು ಮಾರೋ ಕಾಗದದಿಂದಲೇ ಬಂದಾಗ. ಮಂಡಿಯಲ್ಲಿ ದಲ್ಲಾಳಿ ಎಷ್ಟೇ ಒಳ್ಳೆಯವರಾದರೂ ಅವರ ಕಮಿಷನ್ ಎಷ್ಟು ಅಂತ ನಮ್ಮ ಅಪ್ಪಂದಿರು ಮೊದಲೇ ಕೇಳ್ತಾರೆ. ಬ್ಯಾಂಕಿನವರನ್ನ ಕೇಳೋಕೆ ಮಾತ್ರ ಸಂಕೋಚ.

ಈ ಪಟ್ಟಿ ಮುಂದಿಟ್ಟುಕೊಂಡು ನೋಡಿದ್ರೆ ತೋಟದಪ್ಪನವರು ಯಾವ ಮ್ಯಾನೇಜರ್ ಇಲ್ಲದೆ ಇಷ್ಟನ್ನೂ ಮಾಡಿದ್ದಾರೆ. ಜಾಗದಲ್ಲಿ ಹಾಕಿದರು, ಊರು ಬೆಳೆಯೋ ದಿಕ್ಕಿನಲ್ಲಿ ಹಾಕಿದರು, ಬದುಕಿದ್ದಾಗಲೇ ಬರೆದಿಟ್ಟರು, ನಂಬಿಕೆಯವರ ಕೈಗೆ ಕೊಟ್ಟರು. ಬ್ಯಾಂಕಿನ ಭಾಷೆಯಲ್ಲಿ ರಿಟರ್ನ್ ಎಷ್ಟು ಬಂತು ಅಂತ ಕೇಳಿದ್ರೆ ಅವರಿಗೆ ಒಂದು ರೂಪಾಯಿಯೂ ಬರಲಿಲ್ಲ.

ಬಂದದ್ದು ಯಾರಿಗೆ ಅಂತ ನೋಡಿ. ಆ ವಿದ್ಯಾರ್ಥಿನಿಲಯದ ಆಸರೆಯಲ್ಲಿ ಓದಿದವರಲ್ಲಿ ಎಸ್. ನಿಜಲಿಂಗಪ್ಪನವರೂ ಒಬ್ಬರು. ಮುಂದೆ ಕರ್ನಾಟಕ ಏಕೀಕರಣಕ್ಕೆ ಹೋರಾಡಿ, 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ ಆದವರು. ಇನ್ನೊಬ್ಬರು ಮಾಗಡಿ ತಾಲ್ಲೂಕಿನ ವೀರಾಪುರದಿಂದ ಬಂದು ಸೆಂಟ್ರಲ್ ಕಾಲೇಜಿಗೆ ಸೇರಿದ ಹುಡುಗ. ಆಯ್ಕೆ ಮಾಡಿಕೊಂಡ ವಿಷಯದಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದವು, ನಮ್ಮ ಹಾಗೇ. ಡಿಗ್ರಿ ಮುಗಿಯೋ ಮೊದಲೇ 1930ರಲ್ಲಿ ಸನ್ಯಾಸ ತಗೊಂಡರು. ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಊಟ, ವಸತಿ, ಓದು ಕೊಟ್ಟು 2019ರ ಜನವರಿ 21ರಂದು ಲಿಂಗೈಕ್ಯರಾದರು. ನಮ್ಮ ತಾಲ್ಲೂಕುಗಳಲ್ಲಿ ಮಠದಲ್ಲಿ ಓದಿದ ಒಬ್ಬರಾದರೂ ಇಲ್ಲದ ಹಳ್ಳಿ ಕಷ್ಟ. ನಮ್ಮಲ್ಲೇ ಒಬ್ಬಳ ಮಾವ ಅಲ್ಲಿ ಓದಿ ಮೇಷ್ಟ್ರಾದವರು.

ಒಂದು ಮಾತು ಮುಚ್ಚಿಡಬಾರದು. ಆ ಕಾಲದ ವಿದ್ಯಾರ್ಥಿನಿಲಯಗಳು ಬಹುಪಾಲು ಜಾತಿವಾರು. ಇದೂ ವೀರಶೈವ ಹುಡುಗರಿಗೆ ಅಂತ ಶುರುವಾದದ್ದು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ತಮ್ಮ ಹುಡುಗರಿಗೆ ಹಾಸ್ಟೆಲ್ ಕಟ್ಟಿತು. ದುಡ್ಡಿದ್ದ ವ್ಯಾಪಾರಿಗಳೇ ಇಲ್ಲದ ಜಾತಿಗಳ ಮಕ್ಕಳಿಗೆ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಏನಿತ್ತು? ಅವರಿಗೆ ಬಹಳ ವರ್ಷ ಏನೂ ಇರಲಿಲ್ಲ. ನಮ್ಮ ನಾಲ್ವರಲ್ಲಿ ಇಬ್ಬರಿಗೆ ಆಗ ಅಲ್ಲಿ ಜಾಗ ಸಿಗ್ತಿರಲಿಲ್ಲ. ಈ ವಿಷಯ ಬರೀಬೇಕೋ ಬೇಡವೋ ಅಂತ ನಮ್ಮಲ್ಲಿ ಜಗಳವೇ ಆಯ್ತು. ಕೊನೆಗೆ ಬರೆದೆವು. ಅಲ್ಲಿ ಉಂಡ ಒಬ್ಬ ಹುಡುಗ ಮುಂದೆ ಎಲ್ಲ ಜಾತಿಯ ಮಕ್ಕಳಿಗೂ ಎಲೆ ಹಾಕಿದ ಅನ್ನೋದೂ ಅಷ್ಟೇ ನಿಜ. ಹಾಕಿದವರು ಅಂದುಕೊಂಡದ್ದಕ್ಕಿಂತ ದುಡ್ಡು ದೂರ ಹೋಗಿದೆ.

ಛತ್ರ ಈಗಲೂ ಇದೆ, ಟ್ರಸ್ಟೂ ಇದೆ, ವಿದ್ಯಾರ್ಥಿನಿಲಯವೂ ಇದೆ. ಹೋದ ತಿಂಗಳು ರೈಲು ಎರಡು ಗಂಟೆ ಲೇಟ್ ಅಂತ ಗೊತ್ತಾದಾಗ ನಾವು ನಾಲ್ವರೂ ಅಲ್ಲಿಗೆ ನಡೆದು ಹೋದೆವು. ಸುತ್ತ ಲಾಡ್ಜುಗಳ ಬೋರ್ಡು, ಬಸ್ಸಿನ ಹಾರನ್ನು. ಬ್ಯಾಗು ತಲೆಗಿಟ್ಟುಕೊಂಡ ಒಬ್ಬ ಅಜ್ಜ, ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ಕವರು ಹಿಡಿದ ಒಬ್ಬ ಹೆಂಗಸು. 1903ರಲ್ಲಿ ಯಾರಿಗಾಗಿ ಕಟ್ಟಿದ್ದರೋ ಅವರೇ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ವಾಪಸ್ ಬಂದೆವು.

ಗೆಳೆಯನ ಮನೆಯ ಕಥೆ ಏನಾಯ್ತು ಅಂತ ಕೇಳ್ತೀರಿ. ನಾವು ನಾಲ್ವರೂ ಸೇರಿ ಆ ಪಾಲಿಸಿಯ ಕಾಗದವನ್ನ ಸಾಲು ಸಾಲು ಓದಿದೆವು. ಮೊದಲ ವರ್ಷಗಳಲ್ಲಿ ಎಷ್ಟು ಕಡಿತ ಆಗುತ್ತೆ, ಮಧ್ಯದಲ್ಲಿ ನಿಲ್ಲಿಸಿದ್ರೆ ಏನು ಸಿಗುತ್ತೆ ಅಂತ ಎಕ್ಸೆಲ್‌ನಲ್ಲಿ ಹಾಕಿ ತೋರಿಸಿದೆವು. ಕೊಬ್ಬರಿ ಬೆಳೆಯೋರಿಗೆ ಪ್ರತಿ ವರ್ಷ ಒಂದೇ ಮೊತ್ತ ಕಟ್ಟೋದು ಎಂಥ ಕಷ್ಟ ಅಂತ ಬ್ಯಾಂಕಿನವರಿಗೆ ಗೊತ್ತಿಲ್ಲ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ಅದಾದರೂ ಸಿಗಲಿ ಅಂತ ರೈತರು ನಾಫೆಡ್ ಕೇಂದ್ರದ ಮುಂದೆ ಕ್ಯೂ ನಿಂತಿದ್ದರು. ಮರುವರ್ಷ ಹರಾಜಿನಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಮೇಲೆ ಹೋಯ್ತು. ಇಂಥ ಆದಾಯಕ್ಕೆ ಹತ್ತು ವರ್ಷದ ಕಂತು ಹೊಂದಲ್ಲ. ಅಪ್ಪ ಬೇಡ ಅಂದರು. ಮೊದಲು ಬೋರ್‌ವೆಲ್ ಸಾಲ ತೀರಿಸಿದರು. ಒಂದು ಭಾಗ ಎರಡು ಬ್ಯಾಂಕಿನಲ್ಲಿ ಎಫ್‌ಡಿ. ತಂಗಿಯ ಓದಿಗೆ ಅಂತ ಒಂದು ಭಾಗ ಬೇರೆ.

ಆಮೇಲೆ ಅವರಾಗಿಯೇ ಇನ್ನೊಂದು ಕೆಲಸ ಮಾಡಿದರು, ನಾವು ಹೇಳಿಕೊಟ್ಟದ್ದಲ್ಲ. ತೋಟದಪ್ಪನವರ ಕಥೆಯನ್ನ ಊಟ ಮಾಡ್ತಾ ಹೇಳಿದ್ದೆವು ಅಷ್ಟೇ. ವಾರ ಬಿಟ್ಟು ತಾಲ್ಲೂಕು ಕಚೇರಿ ಕಡೆ ಹೋಗಿ ಉಯಿಲು ಬರೆಸಿದರು. ಇಬ್ಬರು ಸಾಕ್ಷಿ ಸಹಿ ಹಾಕಿದರು. ರಿಜಿಸ್ಟರ್ ಮಾಡಲೇಬೇಕು ಅಂತ ಕಾನೂನಿಲ್ಲ, ಆದ್ರೂ ಮಾಡಿಸಿದರು. ಉಳಿದ ತೋಟ ಮಗನಿಗೂ ಮಗಳಿಗೂ ಸಮ. ಆ ಮನೆಯಲ್ಲಿ ಹೆಣ್ಣುಮಗಳ ಹೆಸರು ಜಮೀನಿನ ಕಾಗದದಲ್ಲಿ ಬಂದದ್ದು ಅದೇ ಮೊದಲು. ನಮ್ಮ ಗೆಳೆಯ ಒಂದು ದಿನ ಮುಖ ಸಣ್ಣ ಮಾಡಿಕೊಂಡಿದ್ದ, ಸುಳ್ಳು ಹೇಳಲ್ಲ. ಆಮೇಲೆ ಸರಿಹೋದ.

ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕ್ತಾರೆ. ಹತ್ತು ಹನ್ನೆರಡು ತಿಂಗಳು ಯಾರೂ ಮುಟ್ಟಲ್ಲ. ನೀರು ಆರಿ, ಚಿಪ್ಪಿನೊಳಗೆ ಉಂಡೆ ಬಿಟ್ಟುಕೊಂಡು ಗಡಗಡ ಅನ್ನೋ ತನಕ ಕಾಯ್ತಾರೆ. ಕೆಲವೊಮ್ಮೆ ಅಟ್ಟಕ್ಕೆ ಹಾಕಿದ ಅಜ್ಜ ಒಡೆಯೋ ಹೊತ್ತಿಗೆ ಇರಲ್ಲ. ಆದ್ರೂ ಹಾಕ್ತಾರೆ. ನಾವು ಮುಂದೆ ಕೆಲಸಕ್ಕೆ ಸೇರ್ತೀವಿ, ಪ್ಯಾಕೇಜ್ ಬರುತ್ತೆ, ಯಾವುದೋ ಬ್ಯಾಂಕಿನವರು ನಮಗೂ ಫೋನ್ ಮಾಡ್ತಾರೆ. ಆವಾಗ ಎಷ್ಟು ಬರುತ್ತೆ ಅನ್ನೋದರ ಜೊತೆಗೆ ಯಾರಿಗೆ ಬರುತ್ತೆ ಅಂತಲೂ ಕೇಳೋಣ.

ಮುಂದಿನ ಸಲ ಮೆಜೆಸ್ಟಿಕ್‌ನಲ್ಲಿ ರೈಲು ಲೇಟಾದ್ರೆ ಮೊಬೈಲ್ ಒಳಗಿಟ್ಟು ಆ ಬೋರ್ಡನ್ನ ಒಂದ್ಸಲ ತಲೆ ಎತ್ತಿ ನೋಡಿ. ಐದು ನಿಮಿಷದ ದಾರಿ. ನಿಮ್ಮ ಊರಿನ ರಸ್ತೆಯಲ್ಲೂ ಇಂಥ ಒಂದು ಹೆಸರು ಇದ್ದೇ ಇರುತ್ತೆ. ಅವರು ಯಾರು ಅಂತ ಕೇಳಿ, ಬರೆದು ನಮ್ಮ ಪತ್ರಿಕೆಗೆ ಕಳಿಸಿ.